ಮಗ್ಗದ ಕುಣಿಯೊಳಗಿನ ಊಟ

ಗದ್ವಾಲದ ನಮ್ಮ ಮನೆಯನ್ನು ಕಟ್ಟಿದವರು ಮೊದಲು ಮಗ್ಗಕ್ಕೆ ಜಾಗ ಬಿಟ್ಟು, ಉಳಿದದ್ದರಲ್ಲಿ ಮನುಷ್ಯರು ಹೇಗಾದರೂ ಹೊಂದಿಕೊಳ್ಳಲಿ ಎಂದುಕೊಂಡಿದ್ದರೆಂದು ಕಾಣುತ್ತದೆ. ಹೊಸ್ತಿಲು ದಾಟಿದರೆ ಎದುರಿಗೇ ಮಗ್ಗ. ಅದರ ಬಲಕ್ಕೆ ಅಡುಗೆಮನೆ, ಎಡಕ್ಕೆ ದೇವರ ಮೂಲೆ, ಹಿಂದೆ ಸೀರೆ ನೂಲು ತುಂಬಿಡುವ ಒಂದು ಕತ್ತಲೆ ಕೋಣೆ, ಅದರಾಚೆ ಹಿತ್ತಲು. ನಾವು ಮಲಗುತ್ತಿದ್ದುದೂ ಮಗ್ಗದ ಸುತ್ತಲೇ; ನಿದ್ದೆಯಲ್ಲಿ ಹೊರಳಿದರೆ ಅದರ ಕಾಲು ತಲೆಗೆ ಬಡಿಯುತ್ತಿತ್ತು. ಮಗ್ಗದ ಬುಡದಲ್ಲಿ ನೆಲ ತೋಡಿ ಮಾಡಿದ ಕುಣಿ ಇತ್ತು. ನೇಯುವವರು ಅದರೊಳಗೆ ಕೂತು ಕಾಲಿನಿಂದ ಹಲಗೆ ತುಳಿಯಬೇಕು, ಕೈಯಿಂದ ಲಾಳಿ ಓಡಿಸಬೇಕು. ಬೇರೆ ಮನೆಗಳಲ್ಲಿ ನೆಲದ ಅಂಚಿಗೇ ಕೂತು ಕಾಲನ್ನಷ್ಟೇ ಕುಣಿಗೆ ಇಳಿಬಿಡುತ್ತಾರೆ. ನಮ್ಮ ತಾತ ಎತ್ತರದ ಆಳು, ಮನೆಯ ಮಾಳಿಗೆ ತಗ್ಗು. ತಲೆ ತಾಗದಿರಲೆಂದು ಕೂರುವ ಮಣೆಯನ್ನೂ ನೆಲಕ್ಕಿಂತ ಕೆಳಗೆ ಇಳಿಸಿಬಿಟ್ಟಿದ್ದನಂತೆ. ಹಾಗಾಗಿ ನಮ್ಮ ಕುಣಿಯಲ್ಲಿ ಕೂತವರಿಗೆ ನೆಲ ಎದೆಯ ತನಕ ಬರುತ್ತಿತ್ತು. ಅಲ್ಲಿಂದ ನೋಡಿದರೆ ಮನೆಗೆ ಬಂದವರ ಪಾದಗಳೇ ಮೊದಲು ಕಾಣುವುದು. ನಾನು ಎಷ್ಟೋ ಜನ ನೆಂಟರನ್ನು ಮುಖಕ್ಕಿಂತ ಮೊದಲು ಹಿಮ್ಮಡಿಯಿಂದ ಗುರುತಿಸುತ್ತಿದ್ದೆ.

ಮನೆ ನಡೆಯುತ್ತಿದ್ದುದು ಆಯಿಯ ಮಾತಿನ ಮೇಲೆ. ಆಯಿ ಅಂದರೆ ಅಪ್ಪನ ತಾಯಿ. ಅಪ್ಪನಿಗೆ ಮಗ್ಗಕ್ಕಿಂತ ದಾರಿ ಇಷ್ಟ. ಸೀರೆಯ ಗಂಟು ಹೆಗಲಿಗೇರಿಸಿ ಮಕ್ತಲ್, ನಾರಾಯಣಪೇಟೆ, ಕೋಸಗಿ ಎಂದು ತಿರುಗುವುದರಲ್ಲೇ ಅವನ ಸುಖವಿತ್ತು. ಮನೆಗೆ ಬಂದರೂ ಬೀಗರ ಹಾಗೆ ಉಂಡು, ಮೀಸೆ ಒರೆಸಿಕೊಂಡು, ಮತ್ತೆ ಬಸ್ಸು ಹತ್ತುವವನು. ಹಾಗಾಗಿ ನಮ್ಮದು ಹೆಂಗಸರ ಮನೆ. ಆಯಿ ಬೆಳ್ಳಗಿದ್ದಳು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ದನಿ ಮಾತ್ರ ಓಣಿಯ ಆ ತುದಿಗೆ ಕೇಳುವಂಥದು. ಯಾರು ಯಾವ ಬಾಗಿಲಿನಿಂದ ಬರಬೇಕು, ಯಾರ ಕೈಗೆ ಏನನ್ನು ಮೇಲಿನಿಂದ ಬಿಡಬೇಕು, ಯಾವ ಬಿಂದಿಗೆಯನ್ನು ಯಾರು ಮುಟ್ಟಬಾರದು ಎಂಬುದೆಲ್ಲ ಅವಳಿಗೆ ಉಸಿರಾಟದಷ್ಟು ಸಲೀಸು. ನನಗೂ ಅದನ್ನು ಯಾರೂ ಕಲಿಸಿದ ನೆನಪಿಲ್ಲ. ನಡೆಯಲು ಕಲಿತಾಗಲೇ ಅದೂ ಬಂದಿರಬೇಕು. ನನ್ನ ಬಣ್ಣ ಆಯಿಯದು. ಸೀರೆ ನೋಡಲು ಸಾಹುಕಾರರು ಬಂದರೆ ಆಯಿ ನನ್ನನ್ನು ಕರೆದು, ಹೊಸ ಸೀರೆಯ ಸೆರಗನ್ನು ನನ್ನ ಹೆಗಲ ಮೇಲೆ ಹಾಕಿ ಬೆಳಕಿಗೆ ನಿಲ್ಲಿಸುತ್ತಿದ್ದಳು. ಬಂದವರು ತಲೆದೂಗಿದರೆ ಸೀರೆಯನ್ನು ನಾನೇ ನೇಯ್ದವಳ ಹಾಗೆ ಬೀಗುತ್ತಿದ್ದೆ. ಹುಟ್ಟುವಾಗ ಪುಕ್ಕಟೆ ಸಿಕ್ಕಿದ್ದನ್ನು ಗಳಿಕೆ ಎಂದುಕೊಳ್ಳಲು ಎಷ್ಟು ಸಣ್ಣ ವಯಸ್ಸು ಸಾಕು ನೋಡಿ.

ನಮ್ಮ ಕಡೆಯ ರೇಷ್ಮೆ ಅಂಚಿನ ಸೀರೆಗೆ ಒಬ್ಬರು ಸಾಲದು. ಒಡಲಿನ ನೂಲು ಬೇರೆ, ಅಂಚಿನ ನೂಲು ಬೇರೆ. ಎರಡೂ ಸೇರುವ ಕಡೆ ಒಂದರ ಎಳೆ ಇನ್ನೊಂದರ ಎಳೆಯನ್ನು ಕೊಕ್ಕೆ ಹಾಕಿ ಹಿಡಿಯಬೇಕು. ಹಾಗಾಗಿ ಇಬ್ಬರು ಅಕ್ಕಪಕ್ಕ ಕೂತು, ಒಬ್ಬಳು ಲಾಳಿ ಕಳಿಸಿದರೆ ಇನ್ನೊಬ್ಬಳು ತಿರುಗಿಸಿ, ಹೀಗೆ ಸಾಗಬೇಕು. ಒಬ್ಬಳ ಕೈ ನಿಂತರೆ ಇನ್ನೊಬ್ಬಳದೂ ನಿಂತಂತೆ. ನಮ್ಮ ಮಗ್ಗದಲ್ಲಿ ಅವ್ವ ಮತ್ತು ನನ್ನ ಸೋದರತ್ತೆ ಕೂರುತ್ತಿದ್ದರು. ಅತ್ತೆ ಮದುವೆಯಾಗಿ ನಾರಾಯಣಪೇಟೆಗೆ ಹೋದಳು. ಅದೇ ಹೊತ್ತಿಗೆ ಶಾಂತಿನಗರದ ಒಂದು ಮನೆತನದವರು ಅಲಂಪುರದ ಅಮ್ಮನವರಿಗೆ ಉಡಿಸಲೆಂದು ಹರಕೆಯ ಸೀರೆ ಹೇಳಿದ್ದರು. ದೇವಿಯ ಸೀರೆ ಒಪ್ಪಿಕೊಂಡು ಆಗುವುದಿಲ್ಲ ಎನ್ನುವ ಹಾಗಿಲ್ಲ. ಓಣಿಯ ಕೈಗಳೆಲ್ಲ ಅವರವರ ಮಗ್ಗಕ್ಕೇ ಕಟ್ಟಿಬಿದ್ದಿದ್ದವು. ಆಯಿಯ ಮೊಣಕಾಲು ಹೋಗಿ, ಅವಳು ಕುಣಿಗೆ ಇಳಿಯದೆ ವರ್ಷಗಳಾಗಿದ್ದವು.

ಆಗ ಬಂದವಳು ಜಮ್ಮಕ್ಕ. ಅವಳು ಊರ ಹೊರಗಿನ ದಲಿತರ ಕೇರಿಯವಳು. ಅವಳ ತಾಯಿ ರಾಜೋಳಿಯ ನೇಕಾರರೊಬ್ಬರ ಹಿತ್ತಿಲಲ್ಲಿ ನೂಲಿಗೆ ಗಂಜಿ ಹಾಕುವ ಕೆಲಸಕ್ಕಿದ್ದಳಂತೆ. ಮನೆಯವರು ಇಲ್ಲದ ಹೊತ್ತಿನಲ್ಲಿ ಅಲ್ಲಿನ ಮುದುಕಿಯೊಬ್ಬಳು ಈ ಹುಡುಗಿಯನ್ನು ಮಗ್ಗಕ್ಕೆ ಕೂರಿಸಿ ಕಲಿಸಿದ್ದಳು. ಕಲಿತ ಮೇಲೆ ಅದು ಅವಳಿಗೆ ಹುಚ್ಚೇ ಹಿಡಿಸಿತ್ತು. ಗದ್ವಾಲಕ್ಕೆ ಕೊಟ್ಟ ಮೇಲೆ ಹೊಲದ ಕೂಲಿಗೆ ಹೋಗುತ್ತಿದ್ದಳು, ಯಾವ ಮನೆಯೂ ಅವಳನ್ನು ಮಗ್ಗದ ಹತ್ತಿರ ಬಿಟ್ಟಿರಲಿಲ್ಲ. ಕಪ್ಪಗೆ, ಉದ್ದಕ್ಕೆ ಇದ್ದಳು. ನಕ್ಕರೆ ಹೆಂಚು ಹಾರುವಷ್ಟು ಗಟ್ಟಿಯಾಗಿ ನಗುತ್ತಿದ್ದಳು. ಹೇಗೋ ನಮ್ಮ ಮನೆಯ ಸಂಕಟ ಅವಳ ಕಿವಿಗೆ ಬಿದ್ದು, ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

“ಅಮ್ಮಾರ, ನನಗ ಜೋಡು ಮಗ್ಗ ಬರತೈತ್ರಿ. ಒಂದು ದಿನ ಕುಂದರಸಿ ನೋಡ್ರಿ. ಬರಲಿಲ್ಲಂದ್ರ ನೀವ ಎಬ್ಬಿಸಿ ಕಳಸ್ರಿ.”

ಆಯಿ ಒಂದು ದಿನ ಕೂರಿಸಿ ನೋಡಿದಳು. ಎಬ್ಬಿಸಿ ಕಳಿಸಲಿಲ್ಲ. ಸುದ್ದಿ ಓಣಿಗೆ ಹಬ್ಬಿ, ಎದುರು ಮನೆಯ ಬಸಣ್ಣ ಕಾಕಾ ಧೋತರದ ಚುಂಗು ಹಿಡಿದುಕೊಂಡು ಬಂದರು. ಓಣಿಯಲ್ಲಿ ಯಾರು ಏನು ಮಾಡಿದರೂ ತಮ್ಮನ್ನು ಕೇಳಿ ಮಾಡಬೇಕು ಎಂದು ನಂಬಿದ್ದವರು ಅವರು.

“ದೇವೀ ಸೀರಿಗೆ ಕೇರಿಯಾಕಿನ್ನ ಕುಂದರಸೀಯಲ್ಲವ್ವ. ನಾಳೆ ಶಾಂತಿನಗರದವ್ರು ಕೇಳಿದ್ರ ಏನು ಹೇಳ್ತಿ?”

ಆಯಿಗೆ ಬಸಣ್ಣ ಕಾಕಾರ ಮೇಲೆ ಹಳೆಯ ಸಿಟ್ಟು. ಬೇರೆ ಯಾರಾದರೂ ಕೇಳಿದ್ದರೆ ತಗ್ಗಿದ ದನಿಯಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದಳೇನೋ. ಅವರು ಕೇಳಿದ್ದಕ್ಕೆ ಹೊಸ್ತಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಹೇಳಿದಳು:

“ಲಿಂಗಕ್ಕ ಸೂತಕ ಇಲ್ಲ. ನಮಗ ಮಗ್ಗಾನೂ ಲಿಂಗದಂಗ. ಅದರ ಕುಣ್ಯಾಗ ಕುಂತಾಕಿಗೆ ಯಾವ ಮೈಲಿಗಿನೂ ಇಲ್ಲ. ಇದು ನನ್ನ ಮಾತು. ಯಾರು ಕೇಳಿದ್ರೂ ಹಿಂಗ ಹೇಳು ಹೋಗು.”

ಕಾಕಾ ಹೋದರು. ಮಾತು ಉಳಿಯಿತು. ಆ ಮಾತು ಅಷ್ಟು ಗಟ್ಟಿಯಾಗಿದ್ದದ್ದು ಕುಣಿಯ ಮಟ್ಟಿಗೆ ಮಾತ್ರ ಎಂಬುದು ಮರುದಿನವೇ ಗೊತ್ತಾಯಿತು. ಜಮ್ಮಕ್ಕ ತನ್ನ ಮನೆಯಲ್ಲಿ ತಲೆಗೆ ಎರೆದುಕೊಂಡು, ಒದ್ದೆ ಕೂದಲಲ್ಲೇ ಹಿತ್ತಿಲಿನಿಂದ ಒಳಗೆ ಬರಬೇಕು. ಯಾವುದನ್ನೂ ಮುಟ್ಟದೆ ನೇರ ಕುಣಿಗೆ ಇಳಿಯಬೇಕು. ಅವಳು ನಡೆದ ನೆಲಕ್ಕೆ ಆಯಿ ಹಿಂದಿನಿಂದ ನೀರು ಚಿಮುಕಿಸುತ್ತ ಬರುವಳು.

“ನೀರು ಬ್ಯಾಡ್ರಿ ಅಮ್ಮಾರ, ನೀವ ಜಾರಿ ಬಿದ್ದೀರಿ,” ಎಂದು ಜಮ್ಮಕ್ಕ ತಿರುಗಿ ನೋಡದೆಯೇ ಹೇಳುವಳು. “ಚೆಲ್ಲಲೇಬೇಕಂದ್ರ ಹೂವು ಚೆಲ್ಲ್ರಿ, ನನಗೂ ಒಂದೀಟು ಕಳಿ ಬಂದಂಗ ಆಗತೈತಿ.”

“ಬಾಯಿ ಮುಚ್ಚಿಕೊಂಡು ಇಳಿ,” ಎಂದು ಆಯಿ ಗದರುವಳು. ಆದರೆ ಅವಳ ತುಟಿಯ ತುದಿ ಸ್ವಲ್ಪ ಸಡಿಲವಾಗುವುದನ್ನು ನಾನು ನೋಡಿದ್ದೇನೆ.

ನನಗೆ ಬೆರಗೋ ಬೆರಗು. ಹಿತ್ತಿಲಲ್ಲಿ ನಿಂತಾಗ ನಾನು ದೂರ ಸರಿಯಬೇಕಾದ ಅದೇ ಹೆಂಗಸು, ನಾಲ್ಕು ಹೆಜ್ಜೆ ನಡೆದು ಕುಣಿಗೆ ಇಳಿದ ಕೂಡಲೇ ಅವ್ವನ ತೋಳಿಗೆ ತೋಳು ಹಚ್ಚಿ ಕೂರಬಹುದು. ನಾನೂ ಅಲ್ಲಿಗೆ ಇಳಿದರೆ ನನ್ನ ಜಡೆ ಬಿಚ್ಚಿ ಕಟ್ಟಬಹುದು, ಮೂಗು ಒರೆಸಬಹುದು, ಕೆನ್ನೆ ಹಿಂಡಬಹುದು. ಮೇಲೆ ಬಂದರೆ ಮತ್ತೆ ದೂರ. ದೊಡ್ಡವರಿಗೆ ಇದು ಅನುಕೂಲದ ಏರ್ಪಾಡು. ನನಗೆ ಅದು ಕುಣಿಯ ಶಕ್ತಿ. ಅದರೊಳಗೆ ಇಳಿದದ್ದೆಲ್ಲ ಚೊಕ್ಕಟವಾಗುತ್ತದೆ ಎಂದು ನಾನು ಮನಸಾರೆ ನಂಬಿದೆ. ನೆಲಕ್ಕೆ ಬಿದ್ದ ಬೆಲ್ಲದ ಚೂರನ್ನು ಕುಣಿಯಲ್ಲಿ ಅದ್ದಿ ತೆಗೆದಂತೆ ಮಾಡಿ ತಿಂದೆ. ಧೈರ್ಯ ಬಂದು, ಒಂದು ದಿನ ಬಸಣ್ಣ ಕಾಕಾ ನಮ್ಮ ಹೊಸ್ತಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಕುಣಿಗೆ ಹಾಕಿ, ತೆಗೆದು, ದೇವರ ಮೂಲೆಯಲ್ಲಿ ಜೋಡಿಸಿಟ್ಟೆ. ಕುಣಿಗೆ ಹೋಗಿ ಬಂದಾವು, ಈಗ ಮೈಲಿಗಿ ಇಲ್ಲ ಎಂದು ಆಯಿಗೆ ವಿವರಿಸಿದೆ. ಆ ದಿನ ತಿಂದ ಏಟು ಇವತ್ತಿಗೂ ನೆನಪಿದೆ. ಕುಣಿಯೊಳಗಿಂದ ಜಮ್ಮಕ್ಕ ನಕ್ಕ ನಗು ಅದಕ್ಕಿಂತ ಹೆಚ್ಚು ನೆನಪಿದೆ.

ಬಣ್ಣದ ವಿಷಯಕ್ಕೂ ಅವಳು ನನ್ನನ್ನು ಬಿಡುತ್ತಿರಲಿಲ್ಲ. ಮಗ್ಗದ ಮೇಲೆ ಅವ್ವನ ಬಿಳಿಯ ತೋಳು, ಅವಳ ಕಪ್ಪು ತೋಳು ಜೊತೆಯಾಗಿ ಚಾಚಿಕೊಂಡಿರುತ್ತಿದ್ದವು. ನಾನು ನನ್ನ ತೋಳನ್ನೂ ಅಲ್ಲಿ ಇಟ್ಟು, ನಾನೇ ಎಲ್ಲರಿಗಿಂತ ಬೆಳ್ಳಗೆ ಎಂದೆ.

“ಅದು ನಿಮ್ಮ ಮಾಳಿಗಿ ಪುಣ್ಯ ತಾಯಿ,” ಎಂದಳು ಜಮ್ಮಕ್ಕ. “ಒಂದು ಬ್ಯಾಸಗಿ ನನ್ನ ಕೂಡ ಹೊಲಕ್ಕ ಬಾ. ಯಾರು ಏನು ಬಣ್ಣ ಅಂತ ಸಂಜಿಗೆ ನೋಡೂಣು.”

ಇನ್ನು ಊಟ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು: ಮಗ್ಗದಲ್ಲಿ ಕೂತ ಕೈಗಳು ಉಂಡ ಮೇಲೆಯೇ ಉಳಿದವರು ಉಣ್ಣಬೇಕು. ಆಯಿಗೆ ಅದು ಅವಳ ಅತ್ತೆಯಿಂದ ಬಂದದ್ದು, ಅದನ್ನು ಅವಳು ಪೂಜೆಯಷ್ಟೇ ನಿಷ್ಠೆಯಿಂದ ನಡೆಸುತ್ತಿದ್ದಳು. ಜ್ವರ ಬಂದು ಮಲಗಿದ್ದಾಗಲೂ ಅವ್ವ ಉಂಡಳೇ ಎಂದು ಕೇಳಿ ಗಂಜಿ ಕುಡಿದವಳು ಅವಳು. ಜಮ್ಮಕ್ಕನಿಗೂ ಆ ಪದ್ಧತಿಯನ್ನು ತಪ್ಪಿಸಲಿಲ್ಲ. ಅವ್ವನಿಗೆ ಬಡಿಸುವ ಹೊತ್ತಿಗೇ ಅವಳಿಗೂ ಬಿಸಿ ರೊಟ್ಟಿ. ಆದರೆ ಹಿತ್ತಿಲಲ್ಲಿ. ಮೋಟು ಗೋಡೆಯ ಮೇಲೆ ಅವಳದೊಂದು ಜರ್ಮನ್ ಎನ್ನುವ ಅಲ್ಯುಮಿನಿಯಂ ಬೋಗುಣಿ ಬೋರಲು ಬಿದ್ದಿರುತ್ತಿತ್ತು. ಆಯಿ ರೊಟ್ಟಿಯನ್ನು ಮೇಲಿನಿಂದ ಬಿಡುವಳು, ಪಲ್ಯವನ್ನು ಸೌಟು ತಾಗದಂತೆ ಸುರಿಯುವಳು. ಬಿಸಿಲಿರಲಿ, ಗಾಳಿಯಿರಲಿ, ಜಮ್ಮಕ್ಕ ಗೋಡೆಗೆ ಬೆನ್ನು ಹಚ್ಚಿ ಕೂತು ಉಂಡು, ಬೋಗುಣಿ ತೊಳೆದು ಬೋರಲು ಹಾಕಿ, ಮತ್ತೆ ಕುಣಿಗೆ ಬರುವಳು. ಆಯಿ ಮತ್ತೆ ನೀರು ಚಿಮುಕಿಸುವಳು. ನಾನೀಗ ಇರುವ ಮಕ್ತಲಿನಲ್ಲಿ, ಟೈಲ್ಸ್ ಹಾಕಿದ ಮನೆಗಳಲ್ಲಿ, ಕೆಲಸದವಳ ಸ್ಟೀಲ್ ಲೋಟ ಬಚ್ಚಲ ಗೂಡಿನಲ್ಲಿ ಬೇರೆಯೇ ಇರುವುದನ್ನು ನೋಡುತ್ತೇನೆ. ಕೇಳಿದರೆ ಸ್ವಚ್ಛತೆ ಅನ್ನುತ್ತಾರೆ. ಆಯಿಯಾದರೂ ಇದ್ದದ್ದನ್ನು ಇದ್ದ ಹೆಸರಿನಿಂದ ಕರೆಯುತ್ತಿದ್ದಳು.

ಸೀರೆಯ ಒಡಲು ಮುಗಿದು ಸೆರಗು ಹಿಡಿದಿದ್ದರು. ಬೇಸಗೆಯ ಮಧ್ಯಾಹ್ನ. ಆಯಿ ಬೋಗುಣಿಗೆ ಊಟ ಹಾಕಿ ಒಳಗೆ ಬಂದಿದ್ದಳು. ಜಮ್ಮಕ್ಕ ಹರಿದ ಎಳೆಯೊಂದನ್ನು ಗಂಟು ಹಾಕಿ ಏಳುವಷ್ಟರಲ್ಲಿ ಸ್ವಲ್ಪ ತಡವಾಯಿತು. ಅವಳು ಹೋಗಿ ನೋಡಿದರೆ ಬೀದಿನಾಯಿಯೊಂದು ಗೋಡೆಗೆ ಮುಂಗಾಲು ಕೊಟ್ಟು ನಿಂತು ಬೋಗುಣಿಯನ್ನು ನೆಕ್ಕಿ ಮುಗಿಸುತ್ತಿತ್ತು. ನಾನು ಕೂಗಿದೆ. ಆಯಿ ಬಾಗಿಲಿಗೆ ಬಂದಳು.

“ಹಚ್ಯಾ! ಹೋಗ್ಲಿ ಬಿಡು. ತೊಳಕೊಂಡು ಹಿಡಿ, ಮತ್ತ ಹಾಕ್ತೀನಿ.”

ಆಯಿಯ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜವಾಗಿಯೂ ಮತ್ತೆ ಹಾಕುತ್ತಿದ್ದಳು, ಇನ್ನೊಂದು ರೊಟ್ಟಿ ಹೆಚ್ಚೇ ಹಾಕುತ್ತಿದ್ದಳು. ಜಮ್ಮಕ್ಕ ಬೋಗುಣಿಯನ್ನು ನೋಡಿದಳು, ನಾಯಿಯನ್ನು ನೋಡಿದಳು. ಆಮೇಲೆ ಬೋಗುಣಿಯನ್ನು ಗೋಡೆಯಿಂದ ತೆಗೆದು ನೆಲದ ಮೇಲೆ, ನಾಯಿಯ ಮುಂದೆ ಇಟ್ಟಳು.

“ಇನ್ನು ಇದು ನಿಂದೇ,” ಎಂದಳು.

ಒಳಗೆ ಬಂದಳು, ಕುಣಿಗೆ ಇಳಿದಳು, ಮಣೆಯ ಮೇಲೆ ಕೂತಳು. ಲಾಳಿ ಮುಟ್ಟಲಿಲ್ಲ. ಆಯಿ ನೀರು ಚಿಮುಕಿಸಲು ಮರೆತು ಹಿಂದೆಯೇ ಬಂದಳು.

“ಊಟ ಇಲ್ಲಿಗೇ ಕೊಡ್ರಿ ಅಮ್ಮಾರ.”

“ಇಲ್ಲಿಗಂದ್ರ?”

“ಕುಣ್ಯಾಗ. ನಿಮ್ಮ ಮನಿ ತಾಟಿನಾಗ.”

ಆಯಿಗೆ ಮೊದಲು ನಗು ಬಂತು.

“ತಲಿ ಗಿಲಿ ಕೆಟ್ಟೈತೇನು? ಕುಣಿ ನೇಯಾಕ ಐತಿ, ಉಣ್ಣಾಕಲ್ಲ.”

“ಅವತ್ತು ಕಾಕಾರ ಮುಂದ ನೀವ ಹೇಳಿದ್ರಿ, ಕುಣ್ಯಾಗ ಕುಂತಾಕಿಗೆ ಯಾವ ಮೈಲಿಗಿನೂ ಇಲ್ಲ ಅಂತ. ನೇಯೂ ಮುಂದ ಇಲ್ಲ, ಉಣ್ಣೂ ಮುಂದ ಐತಿ ಅಂತೇನು ಹೇಳಲಿಲ್ರಿ.”

“ನನ್ನ ಮಾತು ನನಗ ತಿರುಗಸ್ತೀಯೇನು?”

“ತಿರುಗಸಾಂಗಿಲ್ರಿ. ಕೇಳಾಕತ್ತೀನಿ ಅಷ್ಟ. ಮೈಲಿಗಿ ಇಲ್ಲಂದ್ರ ಉಣ್ಣಾಕ ಕೊಡ್ರಿ. ಐತಿ ಅಂದ್ರ ಹಂಗ ಹೇಳ್ರಿ, ಈಗಿಂದೀಗ ಎದ್ದು ಹೋಗ್ತೀನಿ, ತಕರಾರು ಇಲ್ಲ. ಆದ್ರ ಈ ಸೀರಿ ಅಮ್ಮನವ್ರಿಗೆ ಹೆಂಗ ಉಡಸ್ತೀರಿ? ಅರ್ಧ ನಾನೇ ನೇಯ್ದೀನಲ್ಲ. ಎರಡರಾಗ ಒಂದು ಫೈಸಲಾ ಮಾಡ್ರಿ ಅಮ್ಮಾರ.”

ನಾನು ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಮೇಲೆ ಜಮ್ಮಕ್ಕನ ದನಿ ನೆಟ್ಟಗಿತ್ತು. ಕೆಳಗೆ, ಹಲಗೆಯ ಮೇಲಿದ್ದ ಅವಳ ಕಾಲುಗಳು ಗಡಗಡ ನಡುಗುತ್ತಿದ್ದವು. ಅದು ನನಗೆ ಮತ್ತು ಅವ್ವನಿಗೆ ಮಾತ್ರ ಕಾಣುತ್ತಿತ್ತು. ಎದ್ದು ಹೋಗು ಎಂದು ಆಯಿ ಒಂದು ಮಾತು ಅಂದರೆ ಮುಗಿಯಿತು. ಗದ್ವಾಲದಲ್ಲಿ ಇನ್ನೊಂದು ಮಗ್ಗ ಅವಳಿಗೆ ಸಿಗುತ್ತಿರಲಿಲ್ಲ. ಚಿಕ್ಕಂದಿನಿಂದ ಆಸೆಪಟ್ಟು, ಈ ವಯಸ್ಸಿಗೆ ಸಿಕ್ಕ ಜಾಗವನ್ನು ಒಂದು ತಾಟಿಗಾಗಿ ಪಣಕ್ಕಿಟ್ಟು ಕೂತಿದ್ದಳು. ಅಷ್ಟು ಹೆದರಿಕೊಂಡು ಅಷ್ಟು ಗಟ್ಟಿಯಾಗಿ ಮಾತಾಡಿದವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಆಯಿ ಸೊಸೆಯ ಕಡೆ ತಿರುಗಿದಳು.

“ನೀ ಏನು ಬಾಯಾಗ ಅಕ್ಕಿ ತುಂಬಿಕೊಂಡು ಕುಂತಿ? ಹೇಳು ಆಕಿಗೆ.”

“ನಾ ಏನು ಹೇಳ್ಲತ್ತಿ,” ಎಂದಳು ಅವ್ವ, ಸೆರಗಿನ ಎಳೆಗಳನ್ನು ಸವರುತ್ತ. “ಆಕಿ ಲಾಳಿ ಹಿಡಿಲಿಲ್ಲಂದ್ರ ನನ್ನ ಕೈ ಓಡಂಗಿಲ್ಲ. ಆಕಿ ಉಣಲಿಲ್ಲಂದ್ರ ನನಗೂ ಗಂಟಲದಾಗ ಇಳಿಯಂಗಿಲ್ಲ.”

ಅವ್ವ ಅತ್ತೆಯ ಎದುರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಆಡಿದ ಮೇಲೆ ಅವಳೂ ಕುಣಿಯಿಂದ ಏಳಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಣ್ಣಗಾಗತೊಡಗಿದವು. ಮಗ್ಗದ ಕೈಗಳು ಉಂಡಿಲ್ಲ, ಹಾಗಾಗಿ ಆಯಿಯೂ ಉಣ್ಣುವಂತಿಲ್ಲ. ಅವಳು ಅಡುಗೆಮನೆಗೆ ಹೋಗುವಳು, ಪಾತ್ರೆಯ ಮುಚ್ಚಳ ತೆಗೆಯುವಳು, ಮುಚ್ಚುವಳು, ಬಂದು ಕುಣಿಯ ಕಡೆ ಒಮ್ಮೆ ಉರಿಗಣ್ಣಿನಿಂದ ನೋಡಿ ಮತ್ತೆ ಹೋಗುವಳು. ನನ್ನ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ.

ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ನಡುಹಗಲಲ್ಲಿ ಬಹಳ ಹೊತ್ತು ನಿಂತರೆ ಜನ ವಿಚಾರಿಸಲು ಬರುತ್ತಾರೆ. ಬಸಣ್ಣ ಕಾಕಾ ಬಂದರು. ಕುಣಿಯಲ್ಲಿ ಸುಮ್ಮನೆ ಕೂತ ಇಬ್ಬರನ್ನು ನೋಡಿ, ನನ್ನ ಬಾಯಿಂದ ವಿಷಯ ಹೊರಡಿಸಿ, ಅಂಗೈಗೆ ಅಂಗೈ ಬಡಿದರು.

“ಅವತ್ತೇ ಹೇಳಿದ್ದಿಲ್ಲೇನು ನಾ? ಈಗ ಆಕಿನ್ನ ಹೊರಗ ಹಾಕು. ಕುಣೀನ ತೊಳಸು. ಸೀರಿ ಬ್ಯಾರೆ ಮನ್ಯಾಗ ಹೊಸದು ಹಚ್ಚಸ್ತೀನಿ, ಶಾಂತಿನಗರದವ್ರಿಗೆ ನಾನೇ ಹೇಳ್ತೀನಿ, ಇವರ ಕುಣಿ ಮೈಲಿಗಿ ಆಗೈತಿ ಅಂತ.”

ಅವರು ಸ್ವಲ್ಪ ಕಡಿಮೆ ಮಾತಾಡಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಯಿ ಅಡುಗೆಮನೆಯಿಂದ ಹೊರಗೆ ಬಂದ ರಭಸಕ್ಕೆ ಅವರು ಒಂದು ಹೆಜ್ಜೆ ಹಿಂದೆ ಹೋದರು.

“ನನ್ನ ಗಂಡ ತೋಡಿದ ಕುಣಿಗೆ ಮೈಲಿಗಿ ಐತಿ ಅನ್ನಾಕ ನೀ ಯಾವಾತ? ಇಲ್ಲ ಅಂದೀನಿ. ಇಲ್ಲ ಅಂದ್ರ ಇಲ್ಲ. ನಡಿ, ನಿನ್ನ ಮನಿ ನೋಡಿಕೋ ನಡಿ.”

ಕಾಕಾ ಹೊಸ್ತಿಲು ದಾಟಿ ಹೋದರು. ತಾನು ಏನು ಹೇಳಿದೆ ಎಂಬುದು ಆಯಿಗೆ ಆಗ ತಿಳಿದಿರಬೇಕು. ಆಮೇಲೆ ಅಡುಗೆಮನೆಗೆ ಹೋದಳು. ತಾಟು ಇಳಿಸಿದ ಸದ್ದು ಕೇಳಿಸಿತು, ಕಂಚಿನ ತಾಟಿನ ಸದ್ದು. ಹಬ್ಬಕ್ಕೆ ಅಪ್ಪನಿಗೆ ಬಡಿಸುವ ತಾಟು ಅದು. ಅದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜಜ್ಜಿದ ಉಳ್ಳಾಗಡ್ಡಿ. ತಂದು ಕುಣಿಯ ಅಂಚಿನ ನೆಲದ ಮೇಲೆ ಇಟ್ಟಳು.

ಜಮ್ಮಕ್ಕ ತಾಟು ಮುಟ್ಟಲಿಲ್ಲ. ತನ್ನ ಉದ್ದನೆಯ ಕೈಯನ್ನು ಮೇಲೆ ಚಾಚಿ, ಅಂಗೈ ಬಿಚ್ಚಿ ಹಿಡಿದಳು. ಈಗ ಅವಳ ದನಿಯೂ ಮೆತ್ತಗಾಗಿತ್ತು.

“ಬಾಜೂ ಕುಂತ ಅಕ್ಕಾರಿಗೆ ಕೊಟ್ಟಂಗ ಕೈಯಾಗ ಕೊಡ್ರಿ ಅಮ್ಮಾರ.”

ಆಯಿ ರೊಟ್ಟಿಯನ್ನು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಜಮ್ಮಕ್ಕ ಕುಣಿಯಲ್ಲಿದ್ದಾಳೆ, ಅವಳಿಗೆ ಮೈಲಿಗೆ ಇಲ್ಲ. ಆದರೆ ತಾನು ನಿಂತಿರುವುದು ನೆಲದ ಮೇಲೆ. ನೆಲದ ಮೇಲಿನ ಆಯಿ ಕೈಗೆ ಕೈ ತಾಗಿಸಿದರೆ ಅದಕ್ಕೆ ಯಾವ ಮಾತಿನ ಆಸರೆಯೂ ಇಲ್ಲ. ಅವಳು ಇದನ್ನೆಲ್ಲ ತೂಗುವುದು ಮುಖದಲ್ಲೇ ಕಾಣುತ್ತಿತ್ತು. ಅವಳಿಗೆ ತನ್ನ ಮಡಿಯೂ ಬೇಕು, ತನ್ನ ಮಾತೂ ಬೇಕು. ಕೊನೆಗೆ ರೊಟ್ಟಿಯನ್ನು ತಾಟಿಗೆ ಹಾಕಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

“ಸರಿ ಆ ಕಡಿ.”

ಎದ್ದು ಹೋಗೆನ್ನುತ್ತಿದ್ದಾಳೆ ಎಂದುಕೊಂಡ ಜಮ್ಮಕ್ಕನ ಮುಖ ಕಪ್ಪಿಟ್ಟಿತು.

“ಕಿವಿ ಕೇಳಸಲ್ಲೇನು? ಸರಿ, ಜಾಗ ಕೊಡು ಅಂದೆ.”

ಹಾಗೆಂದು ಆಯಿ ನೆಲಕ್ಕೆ ಕೂತಳು. ಮಗ್ಗದ ಮರ ಹಿಡಿದುಕೊಂಡು, ಅಪ್ಪಪ್ಪಾ ಅನ್ನುತ್ತ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಕುಣಿಯೊಳಗೆ ಬಿಟ್ಟಳು. ಅವ್ವ ಈ ಕಡೆ ಒತ್ತಿಕೊಂಡಳು, ಜಮ್ಮಕ್ಕ ಆ ಕಡೆ. ಇಬ್ಬರ ನಡುವೆ ಆಯಿ ಧೊಪ್ಪನೆ ಇಳಿದು ಕೂತು, ತಾಟನ್ನು ಎಳೆದುಕೊಂಡು, ರೊಟ್ಟಿ ಮುರಿದು ಜಮ್ಮಕ್ಕನ ಅಂಗೈಯಲ್ಲಿ ಇಟ್ಟಳು.

“ಈಗ ನಾನೂ ಕುಣ್ಯಾಗ ಅದೀನಿ. ಈಗ ನನಗೂ ಇಲ್ಲ. ಹಿಡಿ, ಉಣ್ಣು.”

ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನನಗೆ ದೇವಸ್ಥಾನಗಳಲ್ಲಿ ಕೈ ಮುಗಿಯುವಾಗ ಏನೇನೋ ಅನ್ನಿಸಬೇಕಂತೆ, ಅದು ನನಗೆ ಎಂದೂ ಅನ್ನಿಸಿದ್ದಿಲ್ಲ. ಅಂದು ಅನ್ನಿಸಿತು. ಇಬ್ಬರ ಜಾಗದಲ್ಲಿ ಮೂವರು ಹೆಂಗಸರು, ಭುಜಕ್ಕೆ ಭುಜ ಒತ್ತಿ, ಎದೆಯೆತ್ತರದ ನೆಲವನ್ನೇ ಮೇಜು ಮಾಡಿಕೊಂಡು, ಒಂದೇ ತಾಟಿಗೆ ಕೈ ಹಾಕಿದ್ದರು. ಅವರ ತಲೆಯ ಮುಂದೆ ಅಮ್ಮನವರ ಸೀರೆಯ ಸೆರಗು ಅರ್ಧಕ್ಕೆ ನಿಂತಿತ್ತು.

“ಪಲ್ಯಕ್ಕ ಉಪ್ಪು ಕಮ್ಮಿ ಐತ್ರಿ ಅಮ್ಮಾರ,” ಎಂದಳು ಜಮ್ಮಕ್ಕ, ಎರಡನೆಯ ತುತ್ತಿಗೆ. “ದಿನಾಲೂ ಕಮ್ಮೀನ ಇರತಿತ್ತು. ಹೊರಗ ಕುಂತು ಹೇಳಾಕ ಆಗಿದ್ದಿಲ್ಲ.”

“ಇಷ್ಟು ದಿನ ಉಪ್ಪಿಲ್ಲದ್ದು ತಿಂದಿಯೇನು, ಹುಚ್ಚಿ?” ಎಂದು ಆಯಿ ನಿಜವಾಗಿಯೇ ಸಿಟ್ಟಾಗಿ, ನನ್ನ ಕಡೆ ನೋಡಿ, “ಏಯ್, ಉಪ್ಪಿನ ಡಬ್ಬಿ ತಾ,” ಎಂದಳು. ತಂದುಕೊಟ್ಟೆ. ನಾನೂ ಇಳಿಯಲೇ ಎಂದು ಕೇಳಿದೆ.

“ಇಲ್ಲಿ ಜಾಗ ಎಲ್ಲೈತಿ? ಮ್ಯಾಲೇ ಕುಂದ್ರು.”

ಮನೆಯ ಯಾವ ಬಾಗಿಲೂ ಯಾವ ಬಿಂದಿಗೆಯೂ ಬೇಡ ಎನ್ನದ ನಾನು ಹೊರಗೆ ಉಳಿದದ್ದು ಅದೇ ಮೊದಲು. ಒಳಗೆ ಉಣ್ಣುವವರನ್ನು ಹೊರಗಿನಿಂದ ನೋಡುವುದು ಹೇಗಿರುತ್ತದೆ ಎಂಬುದು ಒಂದು ಊಟದ ಹೊತ್ತಿನಷ್ಟು ನನಗೆ ತಿಳಿಯಿತು. ಅದು ಬಹಳ ಸಣ್ಣ ರುಚಿ, ಜಮ್ಮಕ್ಕನ ಆಯುಷ್ಯದ ಮುಂದೆ ಏನೂ ಅಲ್ಲ. ಆದರೂ ಆಮೇಲೆ ನಾನು ಎಲ್ಲಿ ಉಣ್ಣಲು ಕೂತರೂ ಯಾರು ಹೊರಗಿದ್ದಾರೆ ಎಂದು ಕಣ್ಣು ತಾನೇ ಹುಡುಕುತ್ತದೆ. ನನ್ನ ನೆಂಟರಿಗೆ ಇದು ಕಿರಿಕಿರಿ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಎಲ್ಲ ಸರಿಹೋದ ಕಥೆ ಎಂದು ಯಾರೂ ತಿಳಿಯಬಾರದು. ಸೀರೆ ಮುಗಿದು ಅಲಂಪುರಕ್ಕೆ ಹೋಯಿತು. ಜಮ್ಮಕ್ಕ ನಮ್ಮ ಮಗ್ಗದಲ್ಲಿ ವರ್ಷಗಟ್ಟಲೆ ಕೂತಳು, ಊಟ ಕುಣಿಯಲ್ಲೇ ಆಯಿತು. ಆದರೆ ಆಯಿ ಬದುಕಿರುವ ತನಕ ಅವಳು ಮುಂಬಾಗಿಲಿನಿಂದ ಬರಲಿಲ್ಲ. ಅಡುಗೆಮನೆಗೆ ಕಾಲಿಡಲಿಲ್ಲ. ಮುಂಬಾಗಿಲಿನಿಂದ ಕರೆದವಳು ಅವ್ವ, ಆಯಿ ಹೋದ ಮೇಲೆ. ಓಣಿಯ ಬೇರೆ ಮನೆಗಳಲ್ಲಿ ಅಷ್ಟೂ ಆಗಲಿಲ್ಲ. ನನ್ನ ಆಯಿಯನ್ನು ದೊಡ್ಡವಳು ಮಾಡಿ ತೋರಿಸುವ ಆಸೆ ನನಗಿಲ್ಲ. ಅವಳು ಹಟಮಾರಿ, ಅಷ್ಟೇ. ಆದರೆ ಆ ಮಧ್ಯಾಹ್ನ ಇನ್ನೂ ಒಂದು ನಡೆಯಿತು. ಅದನ್ನು ಹೇಳದಿದ್ದರೆ ಈ ಅಧ್ಯಾಯ ಬರೆದು ಉಪಯೋಗವಿಲ್ಲ.

ತಾಟು ಖಾಲಿಯಾಯಿತು. ಆಯಿ ಕೈ ತೊಳೆದುಕೊಂಡು, ನೆಲಕ್ಕೆ ಎರಡೂ ಅಂಗೈ ಊರಿ ಏಳಲು ನೋಡಿದಳು. ಮೊಣಕಾಲು ಕೇಳಲಿಲ್ಲ. ಇನ್ನೊಮ್ಮೆ ನೋಡಿದಳು, ಅರ್ಧ ಎದ್ದು ಮತ್ತೆ ಮಣೆಗೆ ಕುಸಿದಳು. ನಾನು ಮೇಲಿನಿಂದ ಅವಳ ರಟ್ಟೆ ಹಿಡಿದು ಎಳೆದು, ನಾನೇ ಮುಗ್ಗರಿಸಿದೆ.

“ಏ, ನೀನರ ಮ್ಯಾಲ ಹತ್ತಿ ಕೈ ಕೊಡು,” ಎಂದಳು ಆಯಿ ಅವ್ವನಿಗೆ.

ಅವ್ವ ತನ್ನ ಕೈಯಲ್ಲಿದ್ದ ಉಳ್ಳಾಗಡ್ಡಿಯ ಒಂದೇ ಒಂದು ಪದರನ್ನು ನೋಡಿಕೊಂಡಳು.

“ನಂದಿನ್ನೂ ಊಟ ಆಗಿಲ್ಲತ್ತಿ.”

ಅವ್ವ ಅಷ್ಟು ನಿಧಾನವಾಗಿ ಉಳ್ಳಾಗಡ್ಡಿ ತಿಂದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಜಮ್ಮಕ್ಕ ಇಬ್ಬರನ್ನೂ ನೋಡಿದಳು. ಅಂಗೈ ಊರಿ ಒಂದೇ ನೆಗೆತಕ್ಕೆ ಮೇಲೆ ಬಂದಳು. ತಿರುಗಿ ನಿಂತಳು. ಅವಳ ಬಿರುಕುಬಿಟ್ಟ ಪಾದಗಳು ಈಗ ಆಯಿಯ ಎದೆಯೆತ್ತರದಲ್ಲಿ, ನಮ್ಮ ಮನೆಯ ಸಾರಿಸಿದ ನೆಲದ ಮೇಲೆ ಇದ್ದವು. ಅವಳು ಬಗ್ಗಿ ಎರಡೂ ಕೈ ಚಾಚಿದಳು. ಚಾಚಿದವಳು ತಡೆದು, ಕೈಯನ್ನು ಅಷ್ಟಕ್ಕೇ ನಿಲ್ಲಿಸಿದಳು.

“ಅಮ್ಮಾರ, ನಾ ಈಗ ಮ್ಯಾಲ ನಿಂತೀನ್ರಿ.”

ಅವ್ವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆಯಿ ಆ ಪಾದಗಳನ್ನು ನೋಡಿದಳು. ಆಮೇಲೆ ಕೈಗಳನ್ನು, ಆಮೇಲೆ ತಲೆ ಎತ್ತಿ ಮುಖವನ್ನು.

“ಕಾಣತೈತಿ ನನಗ,” ಎಂದಳು. “ಮೊಣಕಾಲು ಹೋಗ್ಯಾವು, ಕಣ್ಣು ಹೋಗಿಲ್ಲ. ಎಳಿ.”

ಜಮ್ಮಕ್ಕ ಎಳೆದಳು. ಆಯಿ ಮೇಲೆ ಬಂದು, ಒಂದು ಗಳಿಗೆ ತೂರಾಡಿ, ನೆಟ್ಟಗೆ ನಿಂತಳು. ಹಿಡಿದ ಕೈಗಳನ್ನು ಜಮ್ಮಕ್ಕ ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದಳು. ಆಯಿ ಬಿಡಲಿಲ್ಲ.

“ಎಲ್ಲಿ ಬಿಡ್ತಿ? ಆ ಕಂಬದ ತನಕ ನಡಸು.”